ಹಳೇ ಓಮ್ನಿ ಇಂಜಿನ್, ಗುಜರಿ ಆಕ್ಸಲ್: ತೋಟಕ್ಕೊಂದು ಗಾಡಿ ಮನೆಯಲ್ಲೇ ಕಟ್ಟಬಹುದಾ?

ಹಾನುಬಾಳು ಹುಡುಗ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮೇಲಿನ ಬ್ಲಾಕ್‌ಗೆ ಹೋಗುವ ದಾರಿ ಕಡಿದಾದ ಏರು. ಮಳೆ ಹಿಡಿಯಿತು ಅಂದರೆ ಕೆಂಪು ಮಣ್ಣು ಕೊಚ್ಚೆಯಾಗಿ ಪಿಕಪ್ ಅರ್ಧಕ್ಕೇ ನಿಲ್ಲುತ್ತದೆ. ಗೊಬ್ಬರದ ಚೀಲ, ಬೋರ್ಡೋ ಔಷಧಿ ಹೊಡೆಯುವ ಡ್ರಮ್ಮು, ಕೊಯ್ಲಿನಲ್ಲಿ ಹಣ್ಣಿನ ಮೂಟೆ, ಎಲ್ಲವೂ ತಲೆಹೊರೆಯಲ್ಲೇ ಸಾಗಬೇಕು. ಆಳು ಸಿಗುವುದೇ ಕಷ್ಟ. ಸಿಕ್ಕವರಿಗೆ ಈ ಏರಿನಲ್ಲಿ ಹೊರೆ ಹೊರಿಸುವುದು ನನಗೆ ಸರಿ ಕಾಣುತ್ತಿಲ್ಲ.

ಮನೆಯಲ್ಲಿ ಹಳೇ ಓಮ್ನಿ ನಿಂತಿದೆ, ಕಾರ್ಬುರೇಟರ್ ಮಾಡೆಲ್. ಬಾಡಿ ಪೂರ್ತಿ ತುಕ್ಕು, ಆದರೆ ಇಂಜಿನ್, ಗೇರ್‌ಬಾಕ್ಸ್ ಗಟ್ಟಿಯಾಗಿವೆ. ಹಾಸನದ ಗುಜರಿಯೊಂದರಲ್ಲಿ ಹಳೇ ಜೀಪಿನ ಎರಡೂ ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಬಿದ್ದಿವೆ. ವೆಲ್ಡಿಂಗ್ ನನಗೆ ಬರುತ್ತದೆ. ಪೈಪಿನ ಚಾಸಿ ಕಟ್ಟಿ, ಮುಂದೆ ಎರಡು ಸೀಟು, ಹಿಂದೆ ಚಿಕ್ಕ ತೊಟ್ಟಿ ಇಟ್ಟು, ಫೋರ್ ವೀಲ್ ಗಾಡಿ ಮಾಡಬೇಕು ಅಂತ ಆಸೆ.

ಕೇಳಬೇಕಿರುವುದು ಇಷ್ಟು: ಓಮ್ನಿ ಇಂಜಿನ್ನಿಗೆ ಈ ಕೆಲಸ ಆಗುತ್ತದಾ? ಪೈಪು ಯಾವುದು ಹಾಕಬೇಕು? ಪೊಲೀಸು, ಆರ್‌ಟಿಓ ತಕರಾರು ಏನಾದರೂ ಬರುತ್ತದಾ? ಗಾಡಿ ತೋಟದಲ್ಲೇ ಇರುತ್ತದೆ.

ಬೇಲೂರು ಬುಲೆಟ್

ಸೂಪರ್ ಗುರು, ಶುರು ಮಾಡು. ಫೋಟೋ ಹಾಕುತ್ತಿರು.

ಹಳೇಜೀಪು (ಮೂಡಿಗೆರೆ)

ತಮ್ಮಾ, ನಿನ್ನ ಆಸೆ ಒಳ್ಳೆಯದೇ. ಆದರೂ ಬೇಡ ಅಂತಲೇ ಹೇಳುತ್ತೇನೆ. ಕಾಗದ ಸರಿಯಿರುವ ಒಂದು ಮಹೀಂದ್ರ ಎಂಎಂ540 ಜೀಪು ಹುಡುಕು. ಪ್ಯೂಜೋ ಡೀಸೆಲ್ ಇಂಜಿನ್, 2112 ಸಿಸಿ. ಇಂಜೆಕ್ಷನ್ ಎಲ್ಲ ಮೆಕ್ಯಾನಿಕಲ್, ಮಳೆ ನೀರಿಗೆ ಹೆದರುವ ಡಿಸ್ಟ್ರಿಬ್ಯೂಟರ್ ಅದರಲ್ಲಿ ಇಲ್ಲವೇ ಇಲ್ಲ. ಕಳಸ, ಕೊಟ್ಟಿಗೆಹಾರ ಕಡೆ ತೋಟಗಳಲ್ಲಿ ಇವತ್ತಿಗೂ ಅದೇ ಓಡುತ್ತಿರುವುದು ಸುಮ್ನೆ ಅಲ್ಲ. ಬಿಡಿಭಾಗ ಸಿಗುತ್ತದೆ, ರಿಪೇರಿ ಗೊತ್ತಿರುವ ಮೇಸ್ತ್ರಿ ಪ್ರತಿ ಪೇಟೆಯಲ್ಲೂ ಇದ್ದಾನೆ. ನೀನೇ ಕಟ್ಟಿದ ಗಾಡಿ ಕೆಟ್ಟರೆ ರಿಪೇರಿ ಮಾಡಬಲ್ಲವನು ಊರಿಗೆಲ್ಲ ನೀನೊಬ್ಬನೇ.

ಹಾನುಬಾಳು ಹುಡುಗ

ಅಣ್ಣ, ನೋಡಿದೆ. ಹಳೇ ಜೀಪಿಗೆ ಈಗ ಶೋಕಿಯ ಬೆಲೆ ಬಂದುಬಿಟ್ಟಿದೆ. ಬೆಂಗಳೂರಿನವರು ಬಂದು ಕೇಳಿದಷ್ಟು ಕೊಟ್ಟು ಒಯ್ಯುತ್ತಾರೆ. ಕೈಗೆ ಸಿಗುವ ಬೆಲೆಗೆ ಬರುವುದು ಒಂದೋ ಕಾಗದ ಇಲ್ಲದ್ದು, ಇಲ್ಲ ಚಾಸಿ ಕೊಳೆತದ್ದು. ಇಂಜಿನ್ ಮನೆಯಲ್ಲೇ ಇರುವಾಗ ಯಾಕೆ ಸುಮ್ನೆ ಬಿಡಲಿ?

ಗ್ಯಾರೇಜ್ ಕಟ್ಟೆ (ಆಲ್ದೂರು)

ಇಂಜಿನ್ ಸಾಕಾಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದು ಗೇರು ಸಾಕಾಗುತ್ತದಾ ಅಂತ. 796 ಸಿಸಿ ಇಂಜಿನ್, ಹಗುರ ಗಾಡಿ, ತೋಟದ ದಾರಿ. ಶಕ್ತಿ ಬೇಕಾದಷ್ಟಿದೆ. ಆದರೆ ಏರಿನಲ್ಲಿ ಮೂಟೆ ಹೇರಿಕೊಂಡು ನಡಿಗೆಯ ವೇಗದಲ್ಲಿ ಹತ್ತಬೇಕು. ಅದಕ್ಕೆ ಬೇಕಾದದ್ದು ಲೋ ಗೇರ್.

ಒಂದು ಲೆಕ್ಕ ನೋಡಿ. ಓಮ್ನಿಗೆ ಬರುವುದು 12 ಇಂಚು ರಿಮ್ಮಿನ ಚಿಕ್ಕ ಟೈರ್, ಒಟ್ಟು ಎತ್ತರ ಸುಮಾರು 21 ಇಂಚು. ಜೀಪಿನ 6.00-16 ಲಗ್ ಟೈರ್ 28 ಇಂಚು ದಾಟುತ್ತದೆ. ಅಂದರೆ ಮೂರನೇ ಒಂದು ಭಾಗ ಜಾಸ್ತಿ. ಬೇರೇನೂ ಬದಲಿಸದೆ ಟೈರ್ ಮಾತ್ರ ದೊಡ್ಡದು ಮಾಡಿದರೆ ಫಸ್ಟ್ ಗೇರೂ ಅಷ್ಟೇ ವೇಗದ್ದಾಗುತ್ತದೆ. ಏರಿನಲ್ಲಿ ಕ್ಲಚ್ ಹಿಡಿದು ಹಿಡಿದು ಹತ್ತಿಸಬೇಕು, ಕೊಯ್ಲು ಮುಗಿಯುವ ಮುಂಚೆ ಪ್ಲೇಟ್ ಸುಟ್ಟಿರುತ್ತದೆ.

ಆಮೇಲೆ ನೀವು ನೋಡಿರುವ ಜೀಪಿನ ಟ್ರಾನ್ಸ್‌ಫರ್ ಕೇಸ್. ಹಳೇ ಮಾದರಿಯದಾದರೆ ಅದು ಡಾನಾ 18. ಲೋ ರೇಷಿಯೋ 2.46, ಅಂದರೆ ವೇಗವನ್ನು ಅಷ್ಟು ಪಟ್ಟು ಇಳಿಸುತ್ತದೆ, ಕೆಲಸಕ್ಕೆ ಬಹಳ ಒಳ್ಳೆಯದು. ತೊಂದರೆ ಏನು ಅಂದರೆ ಅದು ಜೀಪಿನ ಗೇರ್‌ಬಾಕ್ಸಿನ ಹಿಂಬದಿಗೇ ನೇರ ಬೋಲ್ಟ್ ಆಗುತ್ತದೆ. ಓಮ್ನಿ ಗೇರ್‌ಬಾಕ್ಸಿಗೆ ಕೂರುವುದಿಲ್ಲ. ಅಡಾಪ್ಟರ್ ಮಾಡಿಸಬೇಕು, ಶಾಫ್ಟ್ ಲೇತಿನಲ್ಲಿ ಹೊಡೆಸಬೇಕು. ಆ ಸೆಂಟರ್ ಒಂದು ಕೂದಲೆಳೆ ತಪ್ಪಿದರೂ ಬೇರಿಂಗ್ ಕೂಗುತ್ತದೆ.

ಮಾರುತಿ ಜಿಪ್ಸಿಯದ್ದು ಹಾಗಲ್ಲ. ಅದರ ಟ್ರಾನ್ಸ್‌ಫರ್ ಕೇಸ್ ಬೇರೆಯಾಗಿಯೇ ಚಾಸಿಗೆ ನೇತು ಹಾಕಿರುತ್ತದೆ. ಗೇರ್‌ಬಾಕ್ಸಿನಿಂದ ಒಂದು ಗಿಡ್ಡ ಪ್ರೊಪೆಲ್ಲರ್ ಶಾಫ್ಟ್ ಬಂದು ಅದಕ್ಕೆ ಸೇರುತ್ತದೆ, ಅಲ್ಲಿಂದ ಹಿಂದಕ್ಕೊಂದು, ಮುಂದಕ್ಕೊಂದು. ಓಮ್ನಿ ಇಂಜಿನ್ನೂ ಗೇರ್‌ಬಾಕ್ಸೂ ಉದ್ದುದ್ದಕ್ಕೇ ಕೂತಿರುವುದರಿಂದ ಮಧ್ಯಕ್ಕೆ ಈ ಕೇಸ್ ಸೇರಿಸುವುದು ಸುಲಭ. ಗಿಡ್ಡ ಶಾಫ್ಟ್ ಒಂದು ಮಾಡಿಸಿ, ಬ್ಯಾಲೆನ್ಸ್ ಮಾಡಿಸಿದರೆ ಆಯಿತು. ಲೋನಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಇಳಿಸುತ್ತದೆ. ಜೀಪಿನ ಆಕ್ಸಲ್ ಬಿಟ್ಟು ಜಿಪ್ಸಿ ಆಕ್ಸಲ್ ಹುಡುಕಿ. ತೂಕವೂ ಕಮ್ಮಿ. ಜೀಪ್, ಜಿಪ್ಸಿ ಎರಡಕ್ಕೂ ಐದು ಸ್ಟಡ್, 139.7 ಮಿ.ಮೀ. ಪಿಸಿಡಿ (ಸ್ಟಡ್ಡುಗಳು ಕೂರುವ ವೃತ್ತದ ವ್ಯಾಸ). ಹಾಗಾಗಿ ಸ್ಟಡ್ಡಿನ ಅಳತೆ ಒಂದೇ, ರಿಮ್ ಹುಡುಕುವಾಗ ಆಯ್ಕೆ ಜಾಸ್ತಿ ಸಿಗುತ್ತದೆ.

ಹಳೇಜೀಪು (ಮೂಡಿಗೆರೆ)

ಕಟ್ಟೆಯವರೇ, ಜಿಪ್ಸಿ ಆಕ್ಸಲ್, ಜಿಪ್ಸಿ ಟ್ರಾನ್ಸ್‌ಫರ್ ಕೇಸ್, ಜಿಪ್ಸಿ ರಿಮ್. ಇಷ್ಟೆಲ್ಲ ತರುವ ಬದಲು ಜಿಪ್ಸಿಯನ್ನೇ ತಂದರೆ ಆಗಲ್ವಾ?

ಗ್ಯಾರೇಜ್ ಕಟ್ಟೆ (ಆಲ್ದೂರು)

ಕಾಗದ ಸರಿಯಿರುವ ಜಿಪ್ಸಿ ಈಗ ಯಾವ ಬೆಲೆಗೆ ಹೋಗುತ್ತಿದೆ ಅಂತ ವಿಚಾರಿಸಿ ನೋಡಿ, ಹಳೇಜೀಪಣ್ಣ. 1985ರಲ್ಲಿ ಬಂದ ಗಾಡಿ, ಈಗ ಶೋರೂಮಿನಲ್ಲಿ ಸಿಗುವುದಿಲ್ಲ. ರಾಲಿಯವರು, ಆಫ್‌ರೋಡಿನವರು ಎಲ್ಲರೂ ಅದನ್ನೇ ಹುಡುಕುತ್ತಿದ್ದಾರೆ. ಬಾಡಿ ಹೋಗಿ ಬಿಡಿಯಾಗಿ ಮಾರುವುದು ಮಾತ್ರ ಕೈಗೆ ಸಿಗುವಂತಿದೆ.

ಬಾಜಾ ಟೀಮ್ (ಹಾಸನ)

ನಾನು ಮೆಕ್ಯಾನಿಕಲ್ ಓದುತ್ತಿರುವವನು, ಕಾಲೇಜಿನ ಬಾಜಾ ತಂಡದಲ್ಲಿದ್ದೇನೆ. ಎಸ್‌ಎಇ ಇಂಡಿಯಾದವರು ನಡೆಸುವ ಸ್ಪರ್ಧೆ ಅದು. ವಿದ್ಯಾರ್ಥಿಗಳೇ ಒಂಟಿ ಸೀಟಿನ ಆಫ್‌ರೋಡ್ ಬಗ್ಗಿ ಕಟ್ಟಬೇಕು. ಪೈಪಿನ ಬಗ್ಗೆ ನಾನು ಹೇಳಬಲ್ಲೆ.

ಬಾಜಾದಲ್ಲಿ ಸವಾರನನ್ನು ಕಾಪಾಡುವ ಮುಖ್ಯ ಪೈಪುಗಳಿಗೆ ಒಂದು ಕನಿಷ್ಠ ಅಳತೆ ಇದೆ: ಹೊರವ್ಯಾಸ 25.4 ಮಿ.ಮೀ., ದಪ್ಪ 3 ಮಿ.ಮೀ., ಉಕ್ಕಿನಲ್ಲಿ ಕಾರ್ಬನ್ ಕನಿಷ್ಠ 0.18 ಶೇಕಡಾ. ಬೇರೆ ಅಳತೆ ಹಾಕುವುದಾದರೆ ಅದು ಬಾಗುವುದಕ್ಕೆ ಇಷ್ಟೇ ಗಟ್ಟಿ ಇರಬೇಕು ಅಂತ ಲೆಕ್ಕ ತೋರಿಸಬೇಕು. ಅದು ಒಬ್ಬನೇ ಕೂರುವ ಚಿಕ್ಕ ಗಾಡಿಗೆ. ಇಬ್ಬರು ಕೂತು, ಮೂಟೆಯೂ ಹೇರುವ ಗಾಡಿಗೆ ಇದಕ್ಕಿಂತ ದಪ್ಪದ್ದೇ ಬೇಕು.

ಕುರ್ಚಿ, ಮಂಚ ಮಾಡುವ ತೆಳು ಪೈಪು ಯಾವ ಕಾರಣಕ್ಕೂ ಬೇಡ. ನೋಡುವುದಕ್ಕೆ ದಪ್ಪ ಇರುತ್ತದೆ, ಗಾಡಿ ಮಗುಚಿದರೆ ಮಡಚಿಕೊಂಡು ತಲೆ ಮೇಲೆ ಬರುತ್ತದೆ. ಇನ್ನೊಂದು ಮಾತು: ಬೆಂಡ್ ಮಾಡಬಹುದಾದ ಕಡೆ ತುಂಡು ಮಾಡಿ ಕೋನಕ್ಕೆ ವೆಲ್ಡ್ ಮಾಡಬೇಡಿ. ತಲೆ ಮೇಲಿನ ಹೂಪ್ (ಕಮಾನು) ಒಂದೇ ಪೈಪಿನಲ್ಲಿ ಬರಲಿ. ಪೈಪುಗಳು ಸೇರುವ ಕಡೆ ಮೂರು ಮೂಲೆಯ ಗಸೆಟ್ ಪ್ಲೇಟ್ ಕೊಡಿ. ಚೌಕ ಎಲ್ಲಿದೆಯೋ ಅಲ್ಲಿ ಒಂದು ಅಡ್ಡ ಕರ್ಣ ಹಾಕಿ ತ್ರಿಕೋನ ಮಾಡಿ.

ಹಾನುಬಾಳು ಹುಡುಗ

ತುಂಬಾ ಥ್ಯಾಂಕ್ಸ್. ನೀರಾವರಿಯ ಜಿಐ ಪೈಪು ಮನೆಯಲ್ಲಿ ರಾಶಿ ಬಿದ್ದಿದೆ, ದಪ್ಪವೂ ಇದೆ. ಅದು ಆಗುತ್ತದಾ?

ಗ್ಯಾರೇಜ್ ಕಟ್ಟೆ (ಆಲ್ದೂರು)

ಬೇಡ ಬೇಡ. ಜಿಐ ಅಂದರೆ ಸತು ಲೇಪಿಸಿರುವುದು. ವೆಲ್ಡ್ ಮಾಡುವಾಗ ಬಿಳಿ ಹೊಗೆ ಬರುತ್ತದಲ್ಲ, ಅದು ಸತುವಿನ ಹೊಗೆ. ಮುಚ್ಚಿದ ಶೆಡ್ಡಿನಲ್ಲಿ ದಿನವಿಡೀ ಅದನ್ನು ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಮೈಕೈ ನೋವು, ಬಾಯೆಲ್ಲ ಲೋಹದ ರುಚಿ. ಅದೂ ಅಲ್ಲದೆ ಸತು ಸೇರಿದ ವೆಲ್ಡಿನಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ಅದರ ಮೇಲೆ ಗ್ರೈಂಡರ್ ಹೊಡೆದು ಬಣ್ಣ ಬಳಿದರೆ ಒಳಗಿನದು ಕಾಣುವುದೇ ಇಲ್ಲ.

ಕಪ್ಪು ಪೈಪು ತನ್ನಿ. ಹಳೇ ಪೈಪಾದರೆ ಒಳಗೆ ತುಕ್ಕು ತಿಂದಿದೆಯಾ ನೋಡಿ, ತುದಿ ಕತ್ತರಿಸಿ ಕ್ಯಾಲಿಪರ್ ಹಿಡಿಯಿರಿ. ಚಾಸಿಗೆ 7018 ವೆಲ್ಡಿಂಗ್ ರಾಡ್ ಒಳ್ಳೆಯದು, ಆದರೆ ಒಣಗಿರಬೇಕು. ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ರಾಡ್ ತೇವ ಹೀರುತ್ತದೆ. ಗೇಟಿನ ವೆಲ್ಡಿಂಗ್ ಬೇರೆ, ಇದು ಬೇರೆ. ಮೊದಲು ಅದೇ ಪೈಪಿನ ಎರಡು ತುಂಡು ಬೆಸೆದು ವೈಸಿಗೆ ಕಚ್ಚಿಸಿ. ಉದ್ದದೊಂದು ಪೈಪನ್ನು ಸನ್ನೆ ಮಾಡಿ ಬಗ್ಗಿಸಿ ನೋಡಿ. ಪೈಪು ಬಾಗಬೇಕು, ಬೆಸುಗೆ ಬಿಡಬಾರದು. ಬೆಸುಗೆ ಬಿಟ್ಟಿತು ಅಂದರೆ ಇನ್ನೂ ಅಭ್ಯಾಸ ಬೇಕು.

ಕಳಸದ ಕಾಫಿ

ನಾನು ತೋಟ ನಡೆಸುವವಳು, ಮೆಕ್ಯಾನಿಕ್ ಅಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಗಾಡಿ ತಯಾರಾಯಿತು ಅಂದುಕೊಳ್ಳಿ. ಮೊದಲ ವಾರ ಮೂಟೆ ಮಾತ್ರ ಹೋಗುತ್ತದೆ. ಆಮೇಲೆ ಮಳೆ ಬಂತು ಅಂತ ಇಬ್ಬರು ಹೆಂಗಸರು ಮೂಟೆ ಮೇಲೆ ಕೂರುತ್ತಾರೆ. ಕೊಯ್ಲಿನ ಹೊತ್ತಿಗೆ ಆರು ಜನ. ಬೇಡ ಅನ್ನುವುದಕ್ಕೆ ಬಾಯಿ ಬರುವುದಿಲ್ಲ, ಎಲ್ಲರೂ ಗೊತ್ತಿರುವವರೇ. ನಮ್ಮ ಕಡೆ ಒಂದು ತೋಟದಲ್ಲಿ ಟಿಲ್ಲರ್ ಟ್ರೈಲರ್ ಇಳಿಜಾರಿನಲ್ಲಿ ಹಿಂದಕ್ಕೆ ಜಾರಿ ಕಾಫಿ ಗಿಡಕ್ಕೆ ನುಗ್ಗಿತು. ಹಿಂದೆ ಕೂತಿದ್ದ ಹೆಂಗಸಿನ ಸೊಂಟ ಮುರಿಯಿತು. ಆಕೆ ಮತ್ತೆ ಕೆಲಸಕ್ಕೆ ಬರಲೇ ಇಲ್ಲ.

ನೋಂದಣಿ ಇಲ್ಲದ ಗಾಡಿಗೆ ವಿಮೆ ಇಲ್ಲ. ಕೆಲಸದವರಿಗೆ ಏನಾದರೂ ಆದರೆ ಪರಿಹಾರ ಕೊಡಬೇಕಾದವರು ಮಾಲೀಕರೇ. ಆ ಹೊಣೆ ಕಾನೂನಿನಲ್ಲಿ 1923ರಿಂದಲೂ ಇದೆ. ದುಡ್ಡು ಹೋಗಲಿ, ಜನ ನಮ್ಮನ್ನು ನಂಬಿ ಹತ್ತುತ್ತಾರೆ. ತೊಟ್ಟಿಯನ್ನು ಜನ ಕೂರಲು ಆಗದ ಹಾಗೆ ಮಾಡಿ ತಮ್ಮಾ. ಮೇಲೆ ಜಾಲರಿ ಮುಚ್ಚಳ ಹಾಕಿ.

ಇನ್ನೊಂದು ಡ್ರಮ್ಮಿನ ವಿಷಯ. 200 ಲೀಟರ್ ಅಂದರೆ 200 ಕೆಜಿಗೂ ಮೇಲೆ. ತುಂಬಿದ ಡ್ರಮ್ಮಿಗಿಂತ ಅರ್ಧ ಖಾಲಿಯಾದ ಡ್ರಮ್ಮು ಅಪಾಯ. ಅಡ್ಡ ಇಳಿಜಾರಿನಲ್ಲಿ ನೀರೆಲ್ಲ ಒಂದೇ ಕಡೆ ಸರಿಯುತ್ತದೆ. ಎತ್ತರದ ಡ್ರಮ್ಮು ಬಿಟ್ಟು ತಗ್ಗಾದ, ಅಗಲದ ಟ್ಯಾಂಕ್ ಇಡಿ. ಒಳಗೆ ಅಡ್ಡ ತಡೆಯೂ ಇರಲಿ.

ಹಾನುಬಾಳು ಹುಡುಗ

ಅಕ್ಕಾ, ಜಾಲರಿ ಮುಚ್ಚಳದ ಮಾತು ಖಂಡಿತ ಮಾಡುತ್ತೇನೆ. ಅಷ್ಟು ದೂರ ಯೋಚನೆ ಹೋಗಿರಲಿಲ್ಲ.

ಬೇಲೂರು ಬುಲೆಟ್

ಗುರು, ಓಮ್ನಿ ಬಿಟ್ಟು ಮಾರುತಿ 800 ತಗೋ. ಮುಂದಿನ ಇಂಜಿನ್, ಗೇರ್‌ಬಾಕ್ಸ್, ವೀಲ್ ಎಲ್ಲ ಒಂದೇ ಸೆಟ್ಟು. ಅದನ್ನು ಹಾಗೇ ಎತ್ತಿ ಹಿಂದೆ ಇಟ್ಟರೆ ಬಗ್ಗಿ ರೆಡಿ. ಪ್ರೊಪೆಲ್ಲರ್ ಶಾಫ್ಟೂ ಬೇಡ, ಟ್ರಾನ್ಸ್‌ಫರ್ ಕೇಸೂ ಬೇಡ. ತೂಕ ಪೂರ್ತಿ ಹಿಂದಿನ ಚಕ್ರದ ಮೇಲೆ, ಏರಿನಲ್ಲಿ ಹಿಡಿತ ಸಿಗುತ್ತದೆ.

ಗ್ಯಾರೇಜ್ ಕಟ್ಟೆ (ಆಲ್ದೂರು)

ಆಗುತ್ತದೆ, ತುಂಬಾ ಜನ ಮಾಡಿದ್ದಾರೆ. ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಅದನ್ನು ಇದ್ದ ದಿಕ್ಕಿನಲ್ಲೇ ಹಿಂದಕ್ಕೆ ಸರಿಸಬೇಕು. ಜಾಗ ಸಾಲುವುದಿಲ್ಲ ಅಂತ ತಿರುಗಿಸಿ ಇಟ್ಟರೆ ಚಕ್ರವೂ ಉಲ್ಟಾ ತಿರುಗುತ್ತದೆ. ಚಿಕ್ಕಮಗಳೂರಿನಲ್ಲಿ ಒಂದು ಹುಡುಗರ ತಂಡ ಹಾಗೆ ಮಾಡಿತ್ತು. ಗಾಡಿ ಸ್ಟಾರ್ಟ್ ಮಾಡಿ ನೋಡಿದರೆ ರಿವರ್ಸಿಗೆ ನಾಲ್ಕು ಗೇರು, ಮುಂದಕ್ಕೆ ಒಂದೇ. ಪೂರ್ತಿ ಬಿಚ್ಚಿ ಮತ್ತೆ ಕೂರಿಸಿದರು.

ಎರಡನೆಯದು ಇನ್ನೂ ಮುಖ್ಯ. ಅದು ಮುಂದಿನ ಚಕ್ರದ ಸೆಟ್ಟು, ಸ್ಟೀರಿಂಗಿಗೆ ತಿರುಗುವಂಥದ್ದು. ಹಿಂದೆ ಹಾಕಿದಾಗ ಸ್ಟೀರಿಂಗ್ ಆರ್ಮುಗಳನ್ನು ಟೈ ರಾಡ್ ಕೊಟ್ಟು ಚಾಸಿಗೇ ಬಿಗಿಯಬೇಕು. ಆ ರಾಡಿನ ಉದ್ದ, ಎತ್ತರ ಕೆಳಗಿನ ಆರ್ಮಿಗೆ ಸರಿಹೊಂದದಿದ್ದರೆ ಗುಂಡಿಗೆ ಇಳಿದಾಗಲೆಲ್ಲ ಹಿಂದಿನ ಚಕ್ರ ತಾನೇ ತಿರುಗುತ್ತದೆ. ಆಗ ಗಾಡಿ ಕೈಗೆ ಸಿಗುವುದಿಲ್ಲ. ಬ್ರೇಕ್ ಕೂಡ ಉಲ್ಟಾ ಆಗುತ್ತದೆ. ಡಿಸ್ಕ್ ಹಿಂದೆ ಹೋಗಿ ಡ್ರಮ್ ಮುಂದೆ ಬಂದರೆ ಇಳಿಜಾರಿನಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಆಟದ ಬಗ್ಗಿಗೆ 800 ಸರಿ. ಮೂಟೆ ಹೊರುವ ಕೆಲಸಕ್ಕೆ ಓಮ್ನಿ ಲೈನೇ ಸರಿ. ಅದು ಹುಟ್ಟಿದ್ದೇ ಹೊರೆ ಹೊರಲಿಕ್ಕೆ.

ಬೇಲೂರು ಬುಲೆಟ್

ಟೈ ರಾಡ್ ವಿಷಯ ಗೊತ್ತಿರಲಿಲ್ಲ ಅಣ್ಣ. ಒಪ್ಪಿದೆ.

ಕಾನೂನು ಕಟ್ಟುಪಾಡು (ಚಿಕ್ಕಮಗಳೂರು)

ಆರ್‌ಟಿಓ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನಾನು ಹೇಳುತ್ತೇನೆ.

ಮನೆಯಲ್ಲಿ ಕಟ್ಟಿದ ಗಾಡಿಗೆ ನಂಬರ್ ಸಿಗುತ್ತದಾ? ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಹೊಸ ಮಾದರಿಯ ಗಾಡಿ ರಸ್ತೆಗೆ ಬರಬೇಕಾದರೆ ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಪರೀಕ್ಷೆ ಪಾಸಾಗಬೇಕು. ಅದು ಕಂಪನಿಗಳ ಕೈಯಲ್ಲಿ ಆಗುವ ಕೆಲಸ. ಬಿಡಿಭಾಗ ಜೋಡಿಸಿದ ಜುಗಾಡ್ ಗಾಡಿಗಳಿಗೂ ಮೋಟಾರು ವಾಹನ ಕಾಯ್ದೆ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಹಾಗಾದರೆ ಓಮ್ನಿಯ ನಂಬರನ್ನೇ ಇಟ್ಟುಕೊಂಡು ಓಡಿಸಿದರೆ? ಅದೂ ಆಗದು. ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ ಅಂತ ಬಂದಿದೆ.

ಉಳಿಯುವ ದಾರಿ ಒಂದೇ. ಕಾರ್ಖಾನೆ ಅಥವಾ ಬೇರೆ ಆವರಣದ ಒಳಗೆ ಮಾತ್ರ ಬಳಸಲು ಮಾಡಿಕೊಂಡ ವಿಶೇಷ ವಾಹನವನ್ನು 'ಮೋಟಾರು ವಾಹನ' ಅನ್ನುವ ವ್ಯಾಖ್ಯೆಯಿಂದಲೇ ಕಾಯ್ದೆ ಹೊರಗಿಟ್ಟಿದೆ, ಸೆಕ್ಷನ್ 2(28). ಬೇಲಿ, ಗೇಟು ಇರುವ ತೋಟದ ಒಳಗೆ ಮಾತ್ರ ಓಡಿಸಿದರೆ ಈ ವಾದ ನಿಲ್ಲುತ್ತದೆ.

ಆಲೂರು ಅಡ್ಡ

ಸರ್, ನಮ್ಮ ತೋಟ ಎರಡು ಭಾಗ, ಮಧ್ಯೆ ಪಂಚಾಯ್ತಿ ರಸ್ತೆ. ರಸ್ತೆ ದಾಟುವುದು ಹತ್ತು ಹೆಜ್ಜೆ ಅಷ್ಟೇ. ಅದೂ ತಪ್ಪಾ?

ಕಾನೂನು ಕಟ್ಟುಪಾಡು (ಚಿಕ್ಕಮಗಳೂರು)

ಹೌದು. ಜನರಿಗೆ ಓಡಾಡುವ ಹಕ್ಕಿರುವ ಜಾಗ ಎಲ್ಲವೂ ಸಾರ್ವಜನಿಕ ಸ್ಥಳ. ಮಣ್ಣಿನ ದಾರಿಯಾದರೂ ಅಷ್ಟೇ. ದಾಟುವಾಗ ಬೈಕಿನವರೊಬ್ಬರು ಗುದ್ದಿಕೊಂಡರೆ ತಪ್ಪು ಯಾರದೇ ಇರಲಿ, ನಂಬರ್ ಇಲ್ಲದ ಗಾಡಿಯವರ ಕಥೆ ಅಲ್ಲಿಗೆ ಮುಗಿಯಿತು.

ಆಲೂರು ಅಡ್ಡ

ಪ್ರಾಕ್ಟಿಕಲ್ ಆಗಿ ಮಾತಾಡಿ ಸರ್. ಹಳ್ಳಿಯಲ್ಲಿ ಟಿಲ್ಲರ್ ಟ್ರೈಲರ್ ಎಷ್ಟು ಓಡಾಡುತ್ತವೆ, ಯಾರು ಕೇಳುತ್ತಾರೆ?

ಕಾನೂನು ಕಟ್ಟುಪಾಡು (ಚಿಕ್ಕಮಗಳೂರು)

ಅಪಘಾತ ಆಗುವವರೆಗೆ ಯಾರೂ ಕೇಳುವುದಿಲ್ಲ. ಆದ ಮೇಲೆ ಎಲ್ಲರೂ ಕೇಳುತ್ತಾರೆ. ಅಂಥ ಕೇಸು ನೋಡಿಯೇ ಹೇಳುತ್ತಿರುವುದು.

ಹಾನುಬಾಳಿನವರಿಗೆ ಇನ್ನೊಂದು ಸೂಚನೆ. ಓಮ್ನಿಯನ್ನು ಬಿಚ್ಚಿ ಹಾಕಿದ ಮೇಲೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಿ. ಸುಮ್ನೆ ಬಿಟ್ಟರೆ ನಿಮ್ಮ ಹೆಸರಿನ ನಂಬರು ಎಲ್ಲೋ ಬೇರೆ ಗಾಡಿಯ ಮೇಲೆ ಕಾಣಿಸಿಕೊಂಡೀತು.

ಹಳೇಜೀಪು (ಮೂಡಿಗೆರೆ)

ಅದಕ್ಕೇ ನಾನು ಕಾಗದ ಕಾಗದ ಅನ್ನುವುದು. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹೊಸದಾಗಿ ಕಟ್ಟಿದ ಜೀಪು ತರಿಸುವವರಿದ್ದಾರೆ. ಹೊಳೆಯುವ ಬಣ್ಣ, ದೊಡ್ಡ ಟೈರು, ಆರ್‌ಸಿ ಮಾತ್ರ ಯಾವುದೋ ಹಳೇ ಗಾಡಿಯದು. ಚಾಸಿ ನಂಬರ್ ಇರುವ ತುಂಡು ಕತ್ತರಿಸಿ ಇನ್ನೊಂದಕ್ಕೆ ಬೆಸೆಯುವವರನ್ನೂ ಕೇಳಿದ್ದೇನೆ. ಅದು ನೇರ ಕ್ರಿಮಿನಲ್ ಕೇಸು. ಗುಜರಿಯಲ್ಲಿ ಆಕ್ಸಲ್ ತಗೊಂಡರೂ ಬಿಲ್ ಕೇಳಿ ತಗೋ. ಕಳ್ಳತನದ ಗಾಡಿಯ ಮಾಲು ಅಂತ ನಾಳೆ ಯಾರಾದರೂ ಬಂದರೆ ತೋರಿಸಲಿಕ್ಕೆ ಒಂದು ಚೀಟಿ ಇರಬೇಕು.

ಗಿರಿಯ ಗಾಳಿ (ಚಿಕ್ಕಮಗಳೂರು)

ತೋಟದೊಳಗೆ ಓಡಿಸಿ, ಒಳ್ಳೆಯದಾಗಲಿ. ಆದರೆ ಇಂಥ ಗಾಡಿ ಕಟ್ಟಿದವರು ಆಮೇಲೆ ಗಿರಿ ಕಡೆ ಹೊರಡುತ್ತಾರೆ, ಅದು ನನಗೆ ಹೊಟ್ಟೆ ಉರಿ. ಮುಳ್ಳಯ್ಯನಗಿರಿ, ದೇವರಮನೆ ಸುತ್ತ ಹುಲ್ಲುಗಾವಲಿನ ಮೇಲೆ ಟೈರಿನ ಗೀರು ನೋಡಿದ್ದೀರಾ? ಒಮ್ಮೆ ಹುಲ್ಲಿನ ಬೇರು ಕಿತ್ತು ಬಂದರೆ ಮಳೆ ನೀರು ಅದೇ ಗೀರಿನಲ್ಲಿ ಹರಿದು ಕೊರಕಲಾಗುತ್ತದೆ. ಶೋಲೆ ಕಾಡಿಗೆ ನೀರು ಹಿಡಿದುಕೊಡುವುದೇ ಆ ಹುಲ್ಲು. ಕೆಳಗಿನ ನಮ್ಮ ತೋಟದ ಹಳ್ಳಗಳೂ ಅದರಿಂದಲೇ.

ಬೇಲೂರು ಬುಲೆಟ್

ಎಲ್ಲ ಆಫ್‌ರೋಡಿನವರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಚಿಕ್ಕಮಗಳೂರಿನಲ್ಲಿ ರಾಷ್ಟ್ರೀಯ ರಾಲಿ ನಡೆದಿರುವುದು ಕಾಫಿ ತೋಟದ ಖಾಸಗಿ ದಾರಿಗಳಲ್ಲಿ, ಮಾಲೀಕರ ಒಪ್ಪಿಗೆ ಪಡೆದು. ಹೆಲ್ಮೆಟ್, ರೋಲ್ ಕೇಜ್ (ಮಗುಚಿದರೆ ಕಾಪಾಡುವ ಪೈಪಿನ ಪಂಜರ), ಪರಿಶೀಲನೆ ಎಲ್ಲ ಇರುತ್ತದೆ. ಗಿರಿ ಹಾಳು ಮಾಡುವವರು ಬಾಡಿಗೆ ಗಾಡಿಯಲ್ಲಿ ರೀಲ್ಸ್ ಮಾಡಲಿಕ್ಕೆ ಬರುವವರು.

ಗಿರಿಯ ಗಾಳಿ (ಚಿಕ್ಕಮಗಳೂರು)

ಗೀರು ಯಾರದ್ದು ಅಂತ ಹುಲ್ಲಿಗೆ ಗೊತ್ತಾಗುವುದಿಲ್ಲ. ರಾಲಿ ಬಗ್ಗೆ ನನ್ನ ತಕರಾರು ಇಲ್ಲ.

ಆಲೂರು ಅಡ್ಡ

ನಮ್ಮ ಕಡೆ ಗಿರಿಗಿಂತ ಆನೆ ಚಿಂತೆ. ಬಾಗಿಲಿಲ್ಲದ ಗಾಡಿಯಲ್ಲಿ ಬೆಳಿಗ್ಗೆ ಬೇಗ ತೋಟಕ್ಕೆ ಹೋಗುವುದಾದರೆ ಜೋಪಾನ. ಆಲೂರು, ಸಕಲೇಶಪುರ, ಬೇಲೂರು ಎಲ್ಲ ಕಡೆ ಕಾಡಾನೆ ತೋಟದಲ್ಲೇ ಇವೆ. ಹಾನುಬಾಳಿನಲ್ಲಿ ಈಗ ಹೇಗಿದೆ?

ಹಾನುಬಾಳು ಹುಡುಗ

ಹಲಸು ಹಣ್ಣಾಗುವಾಗ ಬಂದೇ ಬರುತ್ತವೆ. ಆನೆ ಇರುವ ಜಾಗದ ಮೆಸೇಜ್ ನೋಡಿಕೊಂಡೇ ಹೊರಡುವುದು. ರಿವರ್ಸ್ ತೆಗೆಯುವಾಗ ಹಿಂದೆ ಚೆನ್ನಾಗಿ ಕಾಣಬೇಕು, ಅದಕ್ಕೆ ತೊಟ್ಟಿಯನ್ನು ಸೀಟಿನ ಬೆನ್ನಿಗಿಂತ ತಗ್ಗು ಇಡುತ್ತೇನೆ.

ಆಲೂರು ಅಡ್ಡ

ಸೈಲೆನ್ಸರ್ ಸರಿಯಾಗಿ ಹಾಕು. ಗಾಡಿ ಸದ್ದು ಜಾಸ್ತಿಯಾದರೆ ಆನೆ ಕೊಂಬೆ ಮುರಿಯುವುದೇ ಕೇಳಿಸುವುದಿಲ್ಲ.

ಕೃಷಿಕ 46 (ಸಕಲೇಶಪುರ)

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ. ಫೋರ್ ವೀಲ್ ಮಿನಿ ಟ್ರ್ಯಾಕ್ಟರ್ ಯಾಕೆ ಬೇಡ? 18ರಿಂದ 25 ಎಚ್‌ಪಿ, ಅಗಲ ಕಮ್ಮಿ, ಕಾಫಿ ಸಾಲಿನ ಪಕ್ಕ ನುಗ್ಗುತ್ತದೆ. ಸ್ಪ್ರೇಯರ್ ಓಡಿಸಲು ಪಿಟಿಓ (ಇಂಜಿನ್ ಶಕ್ತಿಯನ್ನು ಹೊರಗಿನ ಯಂತ್ರಕ್ಕೆ ಕೊಡುವ ಶಾಫ್ಟ್) ಇದೆ. ಕೃಷಿ ಯಾಂತ್ರೀಕರಣದ ಸಬ್ಸಿಡಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ನೋಂದಣಿ ಆಗುತ್ತದೆ, ವಿಮೆ ಆಗುತ್ತದೆ, ರಸ್ತೆ ದಾಟಬಹುದು. ನಾನಾದರೆ ಇದನ್ನೇ ತಗೊಳ್ಳುತ್ತೇನೆ.

ಹಾನುಬಾಳು ಹುಡುಗ

ಒಳ್ಳೆಯ ಮಾತು. ಸಾಲ ಮಾಡಬೇಕು, ಅದೊಂದೇ ತಡೆಯುತ್ತಿರುವುದು. ಮೆಣಸಿನ ದುಡ್ಡು ಬಂದ ಮೇಲೆ ಅದೂ ಆದೀತು. ಆದರೆ ಈ ಗಾಡಿ ಕಟ್ಟುವುದು ಬರೀ ದುಡ್ಡು ಉಳಿಸಲಿಕ್ಕೆ ಅಲ್ಲ. ಹಳೇದನ್ನು ಗುಜರಿಗೆ ಹಾಕದೆ ನಮ್ಮ ಕೈಯಲ್ಲೇ ಮತ್ತೆ ಓಡುವ ಹಾಗೆ ಮಾಡಬೇಕು ಅನ್ನುವ ಆಸೆ ಮೊದಲಿನಿಂದಲೂ ಇದೆ.

ಕೃಷಿಕ 46 (ಸಕಲೇಶಪುರ)

ಹಾಗಾದರೆ ಮಾಡಿ. ಆ ಆಸೆಗೆ ನಾನು ಅಡ್ಡ ಬರಲ್ಲ.

ಗ್ಯಾರೇಜ್ ಕಟ್ಟೆ (ಆಲ್ದೂರು)

ಗುಜರಿಗೆ ಹೋಗುವ ಮುಂಚೆ ಇದು ಓದಿಕೊಂಡು ಹೋಗಿ. ಆಕ್ಸಲ್ ಹೊರಗಿನಿಂದ ನೋಡಿ ತರಬೇಡಿ. ಡ್ರೈನ್ ಪ್ಲಗ್ ಬಿಚ್ಚಿ ಸ್ವಲ್ಪ ಎಣ್ಣೆ ಅಂಗೈಗೆ ಹಾಕಿಕೊಂಡು ಬೆರಳಲ್ಲಿ ಉಜ್ಜಿ. ಬೂದು ಬಣ್ಣದ ಹುಡಿ ಇದ್ದರೆ ಪರವಾಗಿಲ್ಲ. ಕೈಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲು ಹೋಗಿದೆ. ಎಣ್ಣೆ ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ, ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಆಮೇಲೆ ಪಿನಿಯನ್ ಫ್ಲೇಂಜ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಬಿಲ್ಲೆ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತಿರುಗಿಸುವಾಗ ಸ್ವಲ್ಪ ಸಡಿಲ ಇರುವುದು ಸಹಜ, ಮೇಲೆ ಕೆಳಗೆ ಆಡಬಾರದು. ಮುಂದಿನದೂ ಹಿಂದಿನದೂ ಒಂದೇ ರೇಷಿಯೋ ಅಂತ ಖಾತ್ರಿ ಮಾಡಿ. ಆಕ್ಸಲ್ ಒಳಗಿನ ದೊಡ್ಡ ಗೇರು ಕ್ರೌನ್, ಚಿಕ್ಕದು ಪಿನಿಯನ್, ಅವುಗಳ ಹಲ್ಲು ಎಣಿಸಿ ಭಾಗಿಸಿದರೆ ಗೊತ್ತಾಗುತ್ತದೆ. ಬೇರೆ ಬೇರೆ ಇದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಒಂದಕ್ಕೊಂದು ಎಳೆದಾಡಿ ಏನಾದರೂ ಮುರಿಯುತ್ತದೆ.

ಡಿಫರೆನ್ಷಿಯಲ್ ಒಳಗೆ ವೆಲ್ಡ್ ಹೊಡೆದು ಲಾಕ್ ಮಾಡು ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ. ಕೊಚ್ಚೆಯಲ್ಲಿ ಚೆನ್ನಾಗಿರುತ್ತದೆ. ಗಟ್ಟಿ ನೆಲದಲ್ಲಿ ತಿರುವು ತಗೊಂಡರೆ ಆಕ್ಸಲ್ ಶಾಫ್ಟಿಗೆ ಪೆಟ್ಟು.

ಬ್ರೇಕಿಗೆ ಎರಡು ಸರ್ಕಿಟಿನ ಮಾಸ್ಟರ್ ಸಿಲಿಂಡರ್ ಹಾಕಿ. ಒಂದು ಲೈನ್ ಒಡೆದರೂ ಇನ್ನೊಂದು ಹಿಡಿಯಬೇಕು. ಫ್ರಿಜ್ ರಿಪೇರಿಯವರ ತಾಮ್ರದ ಪೈಪು ಬಗ್ಗಿಸಲು ಸುಲಭ ಅಂತ ಹಾಕುತ್ತಾರೆ, ಅದು ಅದುರಿ ಅದುರಿ ಸೀಳುತ್ತದೆ. ಗಾಡಿಗೆ ಬರುವ ಸ್ಟೀಲಿನ ಬ್ರೇಕ್ ಪೈಪೇ ಇರಲಿ. ಹ್ಯಾಂಡ್‌ಬ್ರೇಕ್ ನಿಮ್ಮ ತೋಟದ ಅತಿ ಕಡಿದಾದ ಜಾಗದಲ್ಲಿ, ತುಂಬಿದ ಲೋಡಿನಲ್ಲಿ ನಿಲ್ಲಿಸಬೇಕು. ಅಲ್ಲಿಯವರೆಗೆ ಗಾಡಿ ಕೆಲಸಕ್ಕೆ ಇಳಿಸಬೇಡಿ.

ಬಾಜಾ ಟೀಮ್ (ಹಾಸನ)

ಪೆಟ್ರೋಲ್ ಟ್ಯಾಂಕ್ ಬಗ್ಗೆಯೂ ಸೇರಿಸುತ್ತೇನೆ. ಸೀಟಿಗೂ ಟ್ಯಾಂಕಿಗೂ ಮಧ್ಯೆ ತಗಡಿನ ಗೋಡೆ ಇರಲಿ, ಸೈಲೆನ್ಸರಿನಿಂದ ದೂರ ಇರಲಿ. ಸೀಟಿನಲ್ಲಿ ಕೂತಾಗ ಕೈಗೆ ಸಿಗುವ ಹಾಗೆ ಒಂದು ಕಿಲ್ ಸ್ವಿಚ್ ಇಡಿ, ಬೆಂಕಿ ಆರಿಸುವ ಸಿಲಿಂಡರ್ ಒಂದು ಇರಲಿ. ಸೀಟ್ ಬೆಲ್ಟ್ ಇಲ್ಲದೆ ರೋಲ್ ಕೇಜ್ ಇದ್ದು ಪ್ರಯೋಜನವಿಲ್ಲ. ಮಗುಚಿದಾಗ ಮನುಷ್ಯ ಹೊರಗೆ ಬಿದ್ದು ಅದೇ ಪೈಪಿನ ಅಡಿಗೆ ಸಿಕ್ಕಿಕೊಳ್ಳುತ್ತಾನೆ.

ಕಾರ್ಬುರೇಟರ್ ಬಗ್ಗೆ ಕಟ್ಟೆ ಅಣ್ಣನವರನ್ನು ಕೇಳಬೇಕಿತ್ತು. ಕಡಿದಾದ ಏರಿನಲ್ಲಿ ಫ್ಲೋಟ್ ಒಂದು ಕಡೆ ವಾಲಿ ಇಂಜಿನ್ ಆಫ್ ಆಗಲ್ವಾ?

ಗ್ಯಾರೇಜ್ ಕಟ್ಟೆ (ಆಲ್ದೂರು)

ಆಗುತ್ತದೆ. ತೀರಾ ಕಡಿದಾದ ಕಡೆ ಪೆಟ್ರೋಲ್ ಉಕ್ಕಿ ಅಥವಾ ಬತ್ತಿ ಬಂದ್ ಆಗಬಹುದು. ಏರಿನಲ್ಲಿ ಇಂಜಿನ್ ನಿಂತರೆ ಬ್ರೇಕಿನ ವ್ಯಾಕ್ಯೂಮ್ ಸಹಾಯವೂ ಹೋಗುತ್ತದೆ. ಹಾಗಾಗಿ ಹ್ಯಾಂಡ್‌ಬ್ರೇಕ್ ಮಾತು ಮತ್ತೆ ಮತ್ತೆ ಹೇಳುತ್ತಿರುವುದು. ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಎಂಪಿಎಫ್‌ಐ ಇಂಜಿನ್ನಿಗೆ ಈ ತೊಂದರೆ ಕಮ್ಮಿ, ಆದರೆ ವೈರಿಂಗ್, ಸೆನ್ಸರ್, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಎಲ್ಲ ಒಣಗಿರುವ ಹಾಗೆ ನೋಡಿಕೊಳ್ಳಬೇಕು. ಇವರ ಹತ್ತಿರ ಇರುವುದು ಕಾರ್ಬುರೇಟರ್. ಅದರಲ್ಲೇ ಶುರು ಮಾಡಲಿ.

ಹಾನುಬಾಳು ಹುಡುಗ

ಎಲ್ಲರ ಮಾತೂ ಬರೆದಿಟ್ಟುಕೊಂಡೆ. ಹೀಗೆ ಮಾಡುತ್ತೇನೆ: ಜೀಪಿನ ಆಕ್ಸಲ್ ಕೈಬಿಟ್ಟೆ. ಜಿಪ್ಸಿಯ ಎರಡು ಆಕ್ಸಲ್, ಟ್ರಾನ್ಸ್‌ಫರ್ ಕೇಸ್ ಹುಡುಕುತ್ತೇನೆ, ಬಿಲ್ ಸಮೇತ. ಓಮ್ನಿ ಆರ್‌ಸಿ ರದ್ದು. ತೊಟ್ಟಿಗೆ ಜಾಲರಿ ಮುಚ್ಚಳ, ತಗ್ಗಿನ ಟ್ಯಾಂಕ್. ನಮ್ಮದು ಒಂದೇ ಬೇಲಿಯ ತೋಟ, ಗಾಡಿ ಗೇಟು ದಾಟುವುದಿಲ್ಲ. ಇನ್ನು ಪೈಪು. ಮೀಡಿಯಂ ಕ್ಲಾಸಿನ ಕಪ್ಪು ಪೈಪು ಒಂದು ಇಂಚಿನದು ಸಿಗುತ್ತದೆ ಅಂತ ಅಂಗಡಿಯವರು ಹೇಳಿದರು. ಆಗಬಹುದಾ?

ಬಾಜಾ ಟೀಮ್ (ಹಾಸನ)

ಆಗಬಹುದು. ಒಂದಿಂಚು ಅನ್ನುವುದು ಒಳಗಿನ ಅಳತೆಯ ಲೆಕ್ಕ. ಹೊರವ್ಯಾಸ 33.7 ಮಿ.ಮೀ., ಮೀಡಿಯಂ ಅಂದರೆ ದಪ್ಪ 3.2. ನಾನು ಹೇಳಿದ 25.4ರ ಪೈಪಿಗೆ ಹೋಲಿಸಿದರೆ ಬಾಗುವುದಕ್ಕೆ ಎರಡೂವರೆ ಪಟ್ಟು ಬಿಗಿ. ಉಕ್ಕು ಸ್ವಲ್ಪ ಮೆದು ಇರಬಹುದು, ಈ ಅಳತೆಯಲ್ಲಿ ಅದನ್ನು ತುಂಬಿಕೊಳ್ಳುತ್ತದೆ. ತೂಕ ಜಾಸ್ತಿ ಆಗುತ್ತದೆ, ಸುಮ್ನೆ ಅಲಂಕಾರಕ್ಕೆ ಪೈಪು ಹಾಕಬೇಡಿ.

ಗ್ಯಾರೇಜ್ ಕಟ್ಟೆ (ಆಲ್ದೂರು)

ಬೆಂಡರ್ ನನ್ನ ಹತ್ತಿರ ಇದೆ, ಹೈಡ್ರಾಲಿಕ್. ಅದರ ಡೈಗಳು ನೀರಿನ ಪೈಪಿನ ಅಳತೆಯವೇ, ಹಾಗಾಗಿ 33.7 ಸರಿಯಾಗಿ ಕೂರುತ್ತದೆ. ಬೇರೆ ಅಳತೆ ತಂದರೆ ಬೆಂಡಿನಲ್ಲಿ ಚಪ್ಪಟೆಯಾಗುತ್ತದೆ. ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೂಪಿನ ಆಕಾರ ನಿಜ ಅಳತೆಗೆ ಬರೆದು, ತಂತಿ ಬಗ್ಗಿಸಿ ಮಾದರಿ ಮಾಡಿ ತನ್ನಿ. ಹೆಲ್ಮೆಟ್ ಹಾಕಿ ಕೂತು ತಲೆಗೂ ಪೈಪಿಗೂ ಎಷ್ಟು ಅಂತರ ಅಂತ ನೋಡಿಯೇ ಎತ್ತರ ಇಡಿ.

ಹಾನುಬಾಳು ಹುಡುಗ

ಭಾನುವಾರ ತಂತಿ ಮಾದರಿ ತಗೊಂಡು ಬರುತ್ತೇನೆ ಅಣ್ಣ.

ಗ್ಯಾರೇಜ್ ಕಟ್ಟೆ (ಆಲ್ದೂರು)

ಬನ್ನಿ. ಪೈಪು ಒಂದು ಉದ್ದ ಜಾಸ್ತಿಯೇ ತನ್ನಿ, ಮೊದಲ ಬೆಂಡು ಅದರಲ್ಲಿ ಮಾಡಿ ನೋಡೋಣ.